ಏಳನೇ ತರಗತಿಯ ಅಂಕ ಎಷ್ಟು ಕಾಲ ನಿಲ್ಲುತ್ತದೆ?

ಮಕ್ಕಳೇ, ನಿಮ್ಮಲ್ಲಿ ಹಲವರು ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಬರೆಯುತ್ತೀರಿ. ಅದರಲ್ಲಿ ಮ್ಯಾಟ್, ಸ್ಯಾಟ್ ಎಂದು ಎರಡು ಪತ್ರಿಕೆ ಉಂಟಲ್ಲ? ಸ್ಯಾಟ್ ಎಂಬ ಹೆಸರಿನ ಬೇರೆಯೇ ಒಂದು ಪರೀಕ್ಷೆ ಅಮೆರಿಕದಲ್ಲಿ 1926ರಿಂದ ನಡೆಯುತ್ತಿದೆ. ಅದು ಕಾಲೇಜು ಸೇರಲು ಹೊರಟ 16–17 ವರ್ಷದವರ ಪರೀಕ್ಷೆ. ಈಗ ಗಣಿತಕ್ಕೆ 800, ಓದು-ಬರಹಕ್ಕೆ 800, ಒಟ್ಟು 1600 ಅಂಕ.

ಆದರೆ ಅಲ್ಲಿ 12–13 ವರ್ಷದ ಕೆಲವು ಮಕ್ಕಳೂ ಇದನ್ನು ಬರೆಯುತ್ತಾರೆ. ಅಷ್ಟು ಬೇಗ ಬಂದ ಅಂಕವನ್ನು ದಾಖಲೆಯಲ್ಲಿ ಉಳಿಸಿಕೊಳ್ಳಬೇಕೋ, ಅಳಿಸಿಹೋಗಲು ಬಿಡಬೇಕೋ? ಆ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ವಿಜ್ಞಾನದಲ್ಲಿ ‘ಅಳತೆ’ ಪಾಠ ಓದಿದ ನಿಮಗೆ ಇದರ ಉತ್ತರ ಹುಡುಕಲು ಆಗ್ತದೆ.

ಚಿಕ್ಕವರಿಗೆ ದೊಡ್ಡವರ ಪರೀಕ್ಷೆ ಯಾಕೆ?

ನಿಮ್ಮ ಜಾಮಿಟ್ರಿ ಬಾಕ್ಸಿನ 15 ಸೆಂ.ಮೀ. ಸ್ಕೇಲನ್ನು ಒಂದೇ ಸಲ ಇಟ್ಟು ಎರಡು ಕಡ್ಡಿ ಅಳೆಯಿರಿ. ಒಂದು 16 ಸೆಂ.ಮೀ., ಇನ್ನೊಂದು 22. ಎರಡಕ್ಕೂ ಸ್ಕೇಲ್ ಹೇಳುವುದು ಒಂದೇ ಮಾತು: ‘15ಕ್ಕಿಂತ ಹೆಚ್ಚು’. ತರಗತಿಯಲ್ಲಿ ನಾಲ್ವರಿಗೆ 50ಕ್ಕೆ 50 ಬಂದಾಗಲೂ ಹೀಗೆಯೇ. ಅವರೊಳಗಿನ ವ್ಯತ್ಯಾಸ ಕಾಣಬೇಕಾದರೆ ಉದ್ದದ ಸ್ಕೇಲ್ ಬೇಕು.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ ಅವರು 1970ರ ದಶಕದ ಆರಂಭದಲ್ಲಿ ಮಾಡಿದ್ದು ಅದನ್ನೇ. ಗಣಿತದಲ್ಲಿ ಮುಂದಿದ್ದ ಏಳು-ಎಂಟನೇ ತರಗತಿಯ ಮಕ್ಕಳಿಗೆ ಸ್ಯಾಟ್ ಕೊಟ್ಟು ನೋಡಿದರು. ಆಮೇಲೆ ಈ ಪದ್ಧತಿ ಬೇರೆ ಕಡೆಗೂ ಹಬ್ಬಿತು. ಟೆರೆನ್ಸ್ ಟಾವೊ ಎಂಟನೇ ವಯಸ್ಸಿನಲ್ಲೇ ಸ್ಯಾಟ್ ಗಣಿತದಲ್ಲಿ 760 ಪಡೆದರು. 2006ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕವೂ ಅವರಿಗೆ ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಸ್ಟ್ಯಾನ್ಲಿಯವರ ಉದ್ದೇಶ ಈ ಮಕ್ಕಳನ್ನು ಕಾಲೇಜಿಗೆ ಆಯ್ಕೆ ಮಾಡುವುದಾಗಿರಲಿಲ್ಲ. ಯಾರಿಗೆ ಈಗಲೇ ಕಷ್ಟದ ಪಾಠ ಬೇಕು ಎಂದು ತಿಳಿಯುವುದಾಗಿತ್ತು. ಅಳತೆ ಮಾಡಿದ್ದು ಪಾಠ ಕೊಡಲಿಕ್ಕೆ.

ಅಂಕಕ್ಕೂ ‘ಹೆಚ್ಚು ಕಡಿಮೆ’ ಉಂಟು

ಒಂದೇ ಬೆಂಚನ್ನು ಹತ್ತು ಮಂದಿ ಅಳೆದರೆ ಹತ್ತೂ ಉತ್ತರ ಒಂದೇ ಇರುವುದಿಲ್ಲ, ಅಲ್ವಾ? ಪರೀಕ್ಷೆಯೂ ಹಾಗೆಯೇ. ಸ್ಯಾಟ್‌ನ ಒಂದೊಂದು ಭಾಗದಲ್ಲಿ ಸುಮಾರು 30 ಅಂಕ ಆಚೀಚೆ ಆಗುವುದು ಸಹಜ. ಗಣಿತದಲ್ಲಿ 520 ಬಂದ ಹುಡುಗಿ ಹೊಸದೇನೂ ಕಲಿಯದೆ ಮತ್ತೊಮ್ಮೆ ಬರೆದರೆ 490 ಬರಬಹುದು, 550ಕ್ಕೂ ಏರಬಹುದು. ಹಾಗಾಗಿ 520 ಒಂದು ಚುಕ್ಕಿಯಲ್ಲ, ಒಂದು ಪಟ್ಟಿ.

ಇದಕ್ಕಿಂತ ದೊಡ್ಡ ಸಂಗತಿ ವಯಸ್ಸು. 12 ವರ್ಷದವಳು ಪರೀಕ್ಷೆಯಲ್ಲಿ ಕೇಳುವ ಬೀಜಗಣಿತವನ್ನು ಎಷ್ಟೋ ಸಲ ಇನ್ನೂ ಓದಿಯೇ ಇರುವುದಿಲ್ಲ. ಪಾಠ ಮುಗಿಸಿದ 17 ವರ್ಷದವನ 520ಕ್ಕೂ ಅವಳ 520ಕ್ಕೂ ಅರ್ಥ ಬೇರೆ. ಏಳನೇ ತರಗತಿಯ ಅಳತೆ ಹಿಡಿದು ಹತ್ತನೇ ತರಗತಿಯ ಯೂನಿಫಾರಂ ಹೊಲಿಸುತ್ತೀರಾ? ಬೆಳೆಯುವುದನ್ನು ಅಳೆದಾಗ ಪಕ್ಕದಲ್ಲಿ ತಾರೀಕು ಬರೆಯಲೇಬೇಕು.

ಹಾಗಾದರೆ ಉಳಿಸಬೇಕೋ?

ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್‌ನ ಕ್ರಮ ಹೀಗಿದೆ: ಎಂಟನೇ ತರಗತಿ ಅಥವಾ ಅದಕ್ಕಿಂತ ಕೆಳಗಿನವರ ಅಂಕವನ್ನು ಆ ಪರೀಕ್ಷಾ ವರ್ಷ ಮುಗಿದ ಮೇಲೆ ದಾಖಲೆಯಿಂದ ತೆಗೆಯುತ್ತಾರೆ. ಬೇಕು ಎನ್ನುವವರು ಮೊದಲೇ ಕೇಳಿಕೊಳ್ಳಬೇಕು.

ಪ್ರತಿಭಾವಂತ ಮಕ್ಕಳ ಬೇಸಿಗೆ ತರಗತಿಗೋ ಮುಂದಿನ ಹಂತದ ಗಣಿತಕ್ಕೋ ಆ ಅಂಕ ಬೇಕಾಗುವುದಿದ್ದರೆ ಉಳಿಸಿಕೊಳ್ಳುವುದಕ್ಕೆ ಅರ್ಥ ಉಂಟು. ಕಾಲೇಜಿಗಾಗಿ ಎಂದಾದರೆ ಹೆಚ್ಚಿನ ಮಕ್ಕಳಿಗೆ ಅದು ಬೇಡ. ಅವರು ಹೇಗೂ 16–17ರಲ್ಲಿ ಮತ್ತೆ ಬರೆಯುತ್ತಾರೆ. ಬರೆದ ಎಲ್ಲ ಸ್ಯಾಟ್ ಅಂಕಗಳನ್ನೂ ಕೇಳುವ ಕಾಲೇಜುಗಳೂ ಇವೆ. ಅಲ್ಲಿ ಹಳೆಯ ಕಡಿಮೆ ಅಂಕ ಸುಮ್ಮನೆ ಬೆನ್ನು ಹತ್ತಿ ಬರುವುದು ಯಾಕೆ? ಒಳ್ಳೆಯ ದಾರಿ ಇದು: ಅಂಕಪಟ್ಟಿಯ ಒಂದು ಪ್ರತಿ ತೆಗೆದು ಮನೆಯಲ್ಲಿಡುವುದು, ಅದರಿಂದ ಯಾವ ಪಾಠ ಬೇಕೆಂದು ತಿಳಿಯುವುದು, ಅಧಿಕೃತ ದಾಖಲೆಯಿಂದ ಹೋಗಲು ಬಿಡುವುದು.

ನಮಗೆ ಇದರಿಂದೇನು?

ನಮ್ಮಲ್ಲಿ ಹಳೆಯ ಅಂಕ ಕಂಪ್ಯೂಟರಿನಲ್ಲಿ ಉಳಿಯುವುದಕ್ಕಿಂತ ಹೆಚ್ಚಾಗಿ ಜನರ ಬಾಯಲ್ಲಿ ಉಳಿಯುತ್ತದೆ. ‘ಇವನಿಗೆ ಗಣಿತ ಅಷ್ಟಕ್ಕಷ್ಟೇ’ ಎಂದು ಏಳನೇ ತರಗತಿಯಲ್ಲಿ ಯಾರೋ ಹೇಳಿದ್ದನ್ನು ಹತ್ತನೇ ತರಗತಿಯವರೆಗೂ ಹೊತ್ತು ತಿರುಗುವ ಮಕ್ಕಳಿದ್ದಾರೆ. ‘ಇವಳು ಮೊದಲಿನಿಂದಲೂ ಫಸ್ಟ್’ ಎಂಬ ಮಾತನ್ನು ನಂಬಿ ಓದು ಬಿಟ್ಟವರೂ ಇದ್ದಾರೆ. ಎರಡೂ ತಾರೀಕು ಬರೆಯದ ಅಳತೆಗಳೇ.

ಮಾಡಿ ನೋಡಿ: ಈ ವರ್ಷದ ಒಂದು ಉತ್ತರಪತ್ರಿಕೆ ತೆಗೆದುಕೊಳ್ಳಿ. ಮೇಲೆ ತಾರೀಕು ಬರೆಯಿರಿ. ತಪ್ಪಾದ ಪ್ರಶ್ನೆಗಳ ಎದುರು ‘ಪಾಠ ಆಗಿರಲಿಲ್ಲ’, ‘ಅರ್ಥ ಆಗಿರಲಿಲ್ಲ’, ‘ಅವಸರ’ ಈ ಮೂರರಲ್ಲಿ ಒಂದನ್ನು ಬರೆಯಿರಿ. ಮೂರು ತಿಂಗಳ ಬಳಿಕ ಅದೇ ಪ್ರಶ್ನೆಗಳನ್ನು ಮತ್ತೆ ಬಿಡಿಸಿ. ಎಷ್ಟು ಸರಿಯಾಯಿತು ಎಂದು ನೋಡಿ, ಮುಂದಿನ ಸಂಚಿಕೆಗೆ ಬರೆದು ಕಳಿಸಿ.