ಮುಂಬಡ್ತಿ: ಸೇವಾ ಜ್ಯೇಷ್ಠತೆಯೇ, ಅರ್ಹತೆಯೇ?

ಪಂಚಾಯಿತಿ ಸಿಬ್ಬಂದಿಯ ಮುಂಬಡ್ತಿಯ ಪ್ರಶ್ನೆ ಬಂದಾಗ, ಹಳಬರನ್ನು ಬಿಟ್ಟು ಹೊಸಬರಿಗೆ ಅವಕಾಶ ನೀಡುವುದು ಅನ್ಯಾಯವೆಂದು ಕೆಲವರೂ, ಕೆಲಸ ಬಲ್ಲವರಿಗೇ ಹುದ್ದೆ ಸಲ್ಲಬೇಕೆಂದು ಕೆಲವರೂ ವಾದಿಸುವುದುಂಟು. ಈ ಬಗ್ಗೆ ಕಾನೂನಿನ ನಿಲುವನ್ನು ಮಾನ್ಯ ಸದಸ್ಯರ ಅವಗಾಹನೆಗೆ ತರಲಾಗಿದೆ.

ಸರ್ಕಾರಿ ಸೇವೆಯಲ್ಲಿ ಮುಖ್ಯವಾಗಿ ಎರಡು ಮಾನದಂಡಗಳಿವೆ. 'ಜ್ಯೇಷ್ಠತೆ-ಸಹ-ಅರ್ಹತೆ'ಯಲ್ಲಿ, ಮೇಲಿನ ಹುದ್ದೆಗೆ ಬೇಕಾದ ಕನಿಷ್ಠ ಅರ್ಹತೆಯುಳ್ಳವರ ಪೈಕಿ ಹಿರಿಯರಿಗೆ ಮೊದಲ ಅವಕಾಶ. ಕಿರಿಯರು ಹೆಚ್ಚು ಸಮರ್ಥರೆಂಬ ಕಾರಣಕ್ಕೆ ಹಿರಿಯರನ್ನು ಕೈಬಿಡುವಂತಿಲ್ಲ. 'ಅರ್ಹತೆ-ಸಹ-ಜ್ಯೇಷ್ಠತೆ'ಯಲ್ಲಿ ಸಾಮರ್ಥ್ಯವೇ ಪ್ರಧಾನ. ಅದು ಸರಿಸಮನಾಗಿದ್ದಾಗ ಜ್ಯೇಷ್ಠತೆ ನಿರ್ಣಾಯಕ. ಸರ್ವೋಚ್ಚ ನ್ಯಾಯಾಲಯವು 1998ರ ಬಿ.ವಿ. ಶಿವಯ್ಯ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ. ಯಾವ ಹುದ್ದೆಗೆ ಯಾವ ಮಾನದಂಡವೆಂಬುದನ್ನು ಆಯಾ ವೃಂದ ಮತ್ತು ನೇಮಕಾತಿ ನಿಯಮಗಳು ನಿಗದಿಪಡಿಸುತ್ತವೆ.

ಜ್ಯೇಷ್ಠತೆಯೊಂದೇ ಸಾಲದೆಂಬುದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. 1959ರಲ್ಲಿ ಹಿರಿಯ ಸಾಂಖ್ಯಿಕ ಸಹಾಯಕರ ಹುದ್ದೆಗೆ ಮುಂಬಡ್ತಿ ನೀಡುವಾಗ ಮೈಸೂರು ಸರ್ಕಾರವು ಸೇವೆಯಲ್ಲಿ ಹಿರಿಯರಾದವರನ್ನು ಪರಿಗಣಿಸದೆ ಕಿರಿಯರಿಗೆ ಹುದ್ದೆ ನೀಡಿತ್ತು. 1968ರಲ್ಲಿ ಸೈಯದ್ ಮಹಮೂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಜ್ಯೇಷ್ಠತೆಯ ಬಲದಿಂದಷ್ಟೇ ಮುಂಬಡ್ತಿಯನ್ನು ಹಕ್ಕಾಗಿ ಕೇಳಲಾಗದು, ಆದರೆ ಅವರನ್ನು ಪರಿಗಣಿಸುವುದು ಸರ್ಕಾರದ ಕರ್ತವ್ಯವೆಂದು ತೀರ್ಪಿತ್ತಿತು.

ಪರಿಗಣನೆ ನಡೆಯುವುದು ದಾಖಲೆಗಳ ಮೇಲೆ. ನಾನು ಹಿಂದೆ ಕಾರ್ಯನಿರ್ವಹಿಸಿದ ಪಂಚಾಯಿತಿಯೊಂದರಲ್ಲಿ ಕರವಸೂಲಿಗಾರರೊಬ್ಬರ ನೇಮಕಾತಿ ಠರಾವು ನಡವಳಿ ಪುಸ್ತಕದಲ್ಲಿತ್ತು. ಅನುಮೋದನೆಯ ಆದೇಶ ಕಡತದಲ್ಲಿರಲಿಲ್ಲ. ಜ್ಯೇಷ್ಠತಾ ಪಟ್ಟಿಯಲ್ಲಿ ಅವರಿಗಿಂತ ತಡವಾಗಿ ಸೇರಿದವರು ಮೇಲಿದ್ದರು. ವಿಷಯ ಗಮನಕ್ಕೆ ಬರುವಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದಿತ್ತು. ಸದಸ್ಯರೆಲ್ಲರೂ ಸಹಿ ಮಾಡಿದ ಶಿಫಾರಸು ಪತ್ರವೂ ಆ ಒಂದು ಹಾಳೆಯ ಕೊರತೆಯನ್ನು ತುಂಬಲಿಲ್ಲ. ಆ ಕಡತವನ್ನು ನಾನೂ ಮೊದಲೇ ಪರಿಶೀಲಿಸಬೇಕಿತ್ತು.

ಆದ್ದರಿಂದ ಮಾನ್ಯ ಸದಸ್ಯರಲ್ಲಿ ಈ ಕೆಳಕಂಡಂತೆ ಕೋರಲಾಗಿದೆ:

1. ಪ್ರತಿ ಸಿಬ್ಬಂದಿಯ ನೇಮಕಾತಿ ಠರಾವು, ಅನುಮೋದನೆಯ ಆದೇಶ, ಕರ್ತವ್ಯಕ್ಕೆ ಹಾಜರಾದ ದಿನಾಂಕ ಹಾಗೂ ವಿದ್ಯಾರ್ಹತೆಯ ದಾಖಲೆಗಳು ಕಡತದಲ್ಲಿವೆಯೇ ಎಂಬುದನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ವಿಚಾರಿಸುವುದು.

2. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಬಂದೊಡನೆ ಸಂಬಂಧಪಟ್ಟ ಸಿಬ್ಬಂದಿಗೆ ತೋರಿಸಿ ಸಹಿ ಪಡೆಯಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು.

3. ಒಬ್ಬರ ಪರವಾಗಿ ಶಿಫಾರಸು ಮಾಡುವ ಮುನ್ನ, ಪಟ್ಟಿಯಲ್ಲಿ ಅವರಿಗಿಂತ ಮೇಲಿರುವವರು ಯಾರೆಂಬುದನ್ನು ನೋಡುವುದು.

ಶಿಫಾರಸಿಗಿಂತ ಸಕಾಲದಲ್ಲಿ ಸರಿಪಡಿಸಿದ ಕಡತವೇ ಸಿಬ್ಬಂದಿಗೆ ಹೆಚ್ಚು ನೆರವಾಗುತ್ತದೆ.