ಮನೆತನದ ಹೆಸರು ಕಾಯುವ ‘ಎರಡನೇ ವೈನ್’

ಉಗರಗೋಳದ ಸುತ್ತಿನ ಎರಿಭೂಮಿಯಲ್ಲಿ ಜೋಳ ಕೊಯ್ಯುವಾಗ ತುಂಬಿದ ತೆನೆಗಳನ್ನು ಆರಿಸಿ ಬೀಜಕ್ಕೆಂದು ತೆಗೆದಿಡುವುದು ಹಿಂದಿನವರ ರೂಢಿ. ಉಳಿದದ್ದು ರಾಶಿಗೆ. ಅದೇನೂ ಕೆಟ್ಟ ಜೋಳವಲ್ಲ. ವರ್ಷವಿಡೀ ರೊಟ್ಟಿಯಾಗುವುದು ಅದೇ. ಫ್ರಾನ್ಸಿನ ದ್ರಾಕ್ಷಿ ತೋಟದವರ ‘ಎರಡನೇ ವೈನ್’ ಹಿಂದಿರುವುದೂ ಇಂಥದೇ ಆಯ್ಕೆ.

ಏನಿದು ಎರಡನೇ ವೈನ್? ಬೋರ್ಡೊ ಪ್ರಾಂತ್ಯದಲ್ಲಿ ಒಂದೇ ತೋಟದ ಬಳ್ಳಿಗಳಿಗೆ ಒಂದೇ ವಯಸ್ಸಿರುವುದಿಲ್ಲ. ಹಳೆಯ ಬಳ್ಳಿ ಬಿಡುವ ಹಣ್ಣು ಕಡಿಮೆ, ರಸ ಗಾಢ. ಎಳೆಯ ಬಳ್ಳಿಯ ರಸ ತೆಳು. ಆದ್ದರಿಂದ ಒಂದೊಂದು ಪಟ್ಟಿಯ ಹಣ್ಣಿನಿಂದ ಬೇರೆಬೇರೆಯಾಗಿ ವೈನ್ ತಯಾರಿಸಿ, ಕೆಲವು ತಿಂಗಳ ನಂತರ ರುಚಿ ನೋಡುತ್ತಾರೆ. ಉತ್ತಮವೆನಿಸಿದ್ದನ್ನು ಬೆರೆಸಿ ಮನೆತನದ ಹೆಸರಿನ ಬಾಟಲಿಗೆ ತುಂಬುತ್ತಾರೆ. ಉಳಿದದ್ದಕ್ಕೆ ಬೇರೆ ಹೆಸರು, ಕಡಿಮೆ ಬೆಲೆ. ಶಾತೋ ಮಾರ್ಗೊದ ‘ಪಾವಿಯೋಂ ರೂಜ್’ ಎಂಬ ಹೆಸರು 1908ರಷ್ಟು ಹಳೆಯದು. ಶಾತೋ ಲಾತೂರ್ ತನ್ನ ‘ಲೆ ಫೋರ್ ದ ಲಾತೂರ್’ ತಯಾರಿಕೆಯನ್ನು 1966ರ ಫಸಲಿನಿಂದ ಆರಂಭಿಸಿತು.

ಇವು ಸಿರಿವಂತ ತೋಟಗಳು. ಸಣ್ಣ ಕುಟುಂಬದ ಲೆಕ್ಕ ಬಲು ಬಿಗಿ. ಮೊದಲ ವೈನ್ ಓಕ್ ಮರದ ಪೀಪಾಯಿಯಲ್ಲಿ ಹಲವು ತಿಂಗಳು, ಕೆಲವೊಮ್ಮೆ ಒಂದೂವರೆ ವರ್ಷ ಮಾಗಬೇಕು. ಅಲ್ಲಿಯತನಕ ಹಾಕಿದ ಹಣ ಕೈಗೆ ಬಾರದು. ಬೇಗ ಕುಡಿಯಲು ಒದಗುವ ಎರಡನೆಯದು ಆ ನಡುವಿನ ಖರ್ಚನ್ನು ತೂಗಿಸುತ್ತದೆ. ಆದರೆ ಕೊಯ್ಲಿನ ಹೊತ್ತಿಗೇ ಮಳೆ ಸುರಿದರೆ? ತೆಳು ರಸವನ್ನೂ ಮೊದಲನೆಯದಕ್ಕೆ ಸೇರಿಸಿದರೆ ಆ ವರ್ಷ ಹಣ ಬಂದೀತು, ಹೆಸರು ಹೋದೀತು. ಎರಡನೆಯದಕ್ಕೆ ಇಳಿಸಿದರೆ ಹೆಸರು ಉಳಿಯುತ್ತದೆ, ಆದಾಯ ತಗ್ಗುತ್ತದೆ. ತೋಟದ ಯಜಮಾನನ ನಿಜವಾದ ಪರೀಕ್ಷೆ ಇಲ್ಲಿದೆ.

ಕರ್ನಾಟಕಕ್ಕೂ ಈ ಮೇಲು-ಕೆಳಗಿನ ಮೆಟ್ಟಿಲು ಹೊಸದಲ್ಲ. ನಂದಿಬೆಟ್ಟದ ಸೀಮೆಯ ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ ಅವರ ಕುಟುಂಬ 1988ರಲ್ಲಿ ಸಂಸ್ಥೆ ಕಟ್ಟಿ ಫ್ರೆಂಚ್ ತಳಿಗಳನ್ನು ಬೆಳೆಯಿತು. 1990ರ ದಶಕದಲ್ಲಿ ಬೋರ್ಡೊದ ತಜ್ಞ ಮಿಶೆಲ್ ರೋಲಾಂ ಅವರ ಸಲಹೆ ದೊರೆಯಿತು. ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಎಂಬ ಅವೇ ಎರಡು ತಳಿಗಳಿಂದ ಇಲ್ಲಿ ಸಾಧಾರಣ ದರದ ವೈನೂ ಬಂತು, ಓಕ್ ಪೀಪಾಯಿಯಲ್ಲಿ ಮಾಗಿದ ‘ಲಾ ರಿಸರ್ವ್’ ಕೂಡ ಬಂತು. ಬೋರ್ಡೊದಲ್ಲಿ ಕೆಳಗಿನದಕ್ಕೆ ಬೇರೆ ಹೆಸರು. ಇಲ್ಲಿ ವಿಶೇಷ ಹೆಸರು ಸಿಕ್ಕಿದ್ದು ಮೇಲಿನದಕ್ಕೆ. 2012ರಲ್ಲಿ ಈ ಸಂಸ್ಥೆ ಮಹಾರಾಷ್ಟ್ರದ ಇನ್ನೊಂದು ಸಂಸ್ಥೆಯೊಡನೆ ವಿಲೀನವಾಯಿತು.

ಅಂತೂ ‘ಎರಡನೆಯದು’ ಎಂದರೆ ತಳದಲ್ಲಿ ಉಳಿದ ಗಷ್ಟಲ್ಲ. ಅದೇ ಮಣ್ಣು, ಅದೇ ಕೈ. ಯಜಮಾನ ಆಯ್ಕೆಯಲ್ಲಿ ಎಷ್ಟು ನಿಷ್ಠುರನೋ ಅವನ ಎರಡನೇ ವೈನ್ ಕೂಡ ಅಷ್ಟು ನಂಬಿಕೆಯದು.