ಕಾನೂನಿಗೆ ಮಗಳಾಗದವಳು

ನನ್ನ ದೊಡ್ಡಪ್ಪ 1998ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಮೂರನೇ ವಯಸ್ಸಿನಿಂದ ಅವರ ಮನೆಯಲ್ಲೇ ಬೆಳೆದ ಅಕ್ಕ ಶವಪೆಟ್ಟಿಗೆಯ ಬಳಿ ಮಗಳಾಗಿ ನಿಂತಿದ್ದಳು. ತಿಂಗಳು ಕಳೆದು ಆಸ್ತಿಯ ಕಾಗದಪತ್ರ ತೆರೆದಾಗ ಬೇರೊಂದು ಸತ್ಯ ತಿಳಿಯಿತು. ಚರ್ಚಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಮಗಳಾಗಿದ್ದವಳು ನ್ಯಾಯಾಲಯದ ಆದೇಶದಲ್ಲಿ ಬರೀ 'ಪಾಲಿತೆ'.

1956ರ ಹಿಂದೂ ದತ್ತಕ ಕಾಯ್ದೆ ಕ್ರೈಸ್ತರಿಗೆ ಅನ್ವಯಿಸದು. ಅವರಿಗೆ ಉಳಿದಿದ್ದುದು 1890ರಷ್ಟು ಹಳೆಯದಾದ ಪಾಲಕರು ಮತ್ತು ಪಾಲಿತರ ಕಾಯ್ದೆ. ಮಗು ವಯಸ್ಕವಾಗುತ್ತಲೇ ಆ ಸಂಬಂಧ ಮುಗಿಯುತ್ತದೆ. ವಾರಸುದಾರಿಕೆ ಹುಟ್ಟುವುದೇ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ದೃಷ್ಟಿಯಲ್ಲಿ ದೊಡ್ಡಪ್ಪ ಮಕ್ಕಳಿಲ್ಲದವರು. ಅರ್ಧ ಆಸ್ತಿ ದೊಡ್ಡಮ್ಮನಿಗೆ, ಉಳಿದರ್ಧ ಒಡಹುಟ್ಟಿದವರಿಗೆ. ಅಂದರೆ ನನ್ನ ಅಪ್ಪನಿಗೂ.

ದತ್ತುವಿನ ರೂಪಕದ ಮೇಲೆಯೇ ನಿಂತ ಧರ್ಮದವರ ಪಾಡು ಇದು! ರೋಮಾಪುರದ ಸಭೆಗೆ ಬರೆದ ಪತ್ರದಲ್ಲಿ ಪೌಲ ವಿಶ್ವಾಸಿಗಳನ್ನು ದೇವರು ದತ್ತು ಪಡೆದ ಮಕ್ಕಳೆನ್ನುತ್ತಾನೆ. ಮಕ್ಕಳಾದ ಮೇಲೆ ಬಾಧ್ಯರೂ ಹೌದೆಂದು ಸೇರಿಸುತ್ತಾನೆ. ಮತ್ತಾಯನ ವಂಶಾವಳಿ ಯೇಸುವನ್ನು ದಾವೀದನ ಕುಲಕ್ಕೆ ಜೋಡಿಸುವುದು ಹೆತ್ತ ತಂದೆಯಲ್ಲದ ಯೋಸೇಫನ ಮೂಲಕ. ಅನಾಥರ ಆರೈಕೆಯಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ತಮಿಳುನಾಡಿನ ದೋಣಾವೂರಿನಲ್ಲಿ ಏಮಿ ಕಾರ್ಮೈಕೇಲ್ 1901ರಿಂದ ಆರಂಭಿಸಿದ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಆದರೆ ಅನಾಥಾಲಯಕ್ಕೆ ಕಾಣಿಕೆ ಕೊಡುವುದು ಸುಲಭ, ತೋಟದಲ್ಲಿ ಪಾಲು ಕೊಡುವುದು ಕಷ್ಟ. ಅಪ್ಪ ಮೊದಲ ವಾರವೇ ಹಕ್ಕು ಬಿಟ್ಟುಕೊಟ್ಟರು. ಒಂದು ಭಾನುವಾರದ ಆರಾಧನೆಯನ್ನೂ ತಪ್ಪಿಸದ ನನ್ನ ಅತ್ತೆಯೊಬ್ಬರು ಮಾತ್ರ "ಎಷ್ಟಾದರೂ ರಕ್ತ ಬೇರೆಯಲ್ಲವೇ?" ಎನ್ನುತ್ತ ಸಹಿಗೆ ಎರಡು ವರ್ಷ ಕಾಯಿಸಿದರು.

ಬಾಲನ್ಯಾಯ ಕಾಯ್ದೆ 2000ದಲ್ಲಿ ಬಂತು, 2006ರಲ್ಲಿ ತಿದ್ದುಪಡಿಯಾಯಿತು. ಯಾವ ಧರ್ಮದವರೂ ಅದರಡಿ ದತ್ತು ಪಡೆಯಬಹುದೆಂದು ಶಬನಂ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಕಾನೂನಿನ ತೊಡಕು ನೀಗಿದೆ, ಮನಸ್ಸಿನದು ಪೂರ್ತಿ ನೀಗಿಲ್ಲ. ಒಂಟಿ ವ್ಯಕ್ತಿಗಳಿಗೂ ಮಗುವನ್ನು ಕೊಡಬೇಕೆಂಬ ನಿಯಮವನ್ನು ಒಪ್ಪಲಾಗದೆ ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿ 2015ರಲ್ಲಿ ದತ್ತು ಕೆಲಸದಿಂದಲೇ ಹಿಂದೆ ಸರಿಯಿತು. ಅವರ ಸೇವೆಯ ಬಗ್ಗೆ ಗೌರವವಿದ್ದೂ ಆ ನಿರ್ಧಾರ ನನಗೆ ಸರಿಕಾಣಲಿಲ್ಲ. ಇತ್ತ ನಮ್ಮ ಚರ್ಚಿನಲ್ಲೇ ದತ್ತು ಬಯಸುವ ದಂಪತಿಗಳು ಕೇಳುವುದು ಆರೋಗ್ಯವಂತ ಹಸುಗೂಸನ್ನು. ಏಳೆಂಟು ವರ್ಷ ದಾಟಿದ ಮಕ್ಕಳು, ಅಂಗವೈಕಲ್ಯವುಳ್ಳ ಮಕ್ಕಳು ಕಾಯುತ್ತಲೇ ಇರುತ್ತಾರೆ.

ಹೊಸ ಕಾನೂನಿನಿಂದ ಅಕ್ಕನಿಗೇನೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಅವಳೇ ಇಬ್ಬರು ಮಕ್ಕಳ ತಾಯಿ. ಅತ್ತೆಯ ಸಹಿ ಬಿದ್ದ ಮರುವಾರ ದೊಡ್ಡಮ್ಮ ತಮ್ಮ ಉಯಿಲು ಬರೆಸಲು ಹೋದರು. ಜೊತೆಗೆ ನಾನಿದ್ದೆ. ಪತ್ರ ಬರಹಗಾರ, "ಸಂಬಂಧ ಏನಂತ ಬರೆಯಲಮ್ಮಾ?" ಎಂದ.

"ಮಗಳು."

ಹಳೆಯ ಆದೇಶ ತಿರುವಿ ನೋಡಿ, "ಇದರಲ್ಲಿ ಪಾಲಿತೆ ಅಂತಿದೆಯಲ್ಲ" ಎಂದ.

"ಅದನ್ನು ಬರೆದದ್ದು ಕೋರ್ಟು. ಇದನ್ನು ಬರೆಸುತ್ತಿರುವವಳು ನಾನು" ಎಂದು ದೊಡ್ಡಮ್ಮ ಕನ್ನಡಕ ಏರಿಸಿಕೊಂಡರು.